ಜೀಪನ್ನು ಐದು ಇಂಚು ಎತ್ತಿದ ಭಾನುವಾರ

ನಮ್ಮ ಜೀಪಿಗೆ ನನಗಿಂತ ವಯಸ್ಸು ಜಾಸ್ತಿ. ಅದಕ್ಕೆ ಮೂರು ಸಲ ಬಣ್ಣ ಬಳಿದಿದ್ದಾರೆ, ಎರಡು ಸಲ ಎಂಜಿನ್ ಬಿಚ್ಚಿದ್ದಾರೆ. ಹಾರನ್ ಒತ್ತಿದರೆ ಮುದಿ ಕೋಣ ಕೆಮ್ಮಿದ ಹಾಗೆ ಕೇಳಿಸುತ್ತದೆ. ಕುಶಾಲನಗರದಿಂದ ಸ್ವಲ್ಪ ಒಳಗಿರುವ ನಮ್ಮೂರಿನಿಂದ ದಿನಾ ಬೆಳಿಗ್ಗೆ ಹನ್ನೆರಡು ಮಂದಿ ಹೆಂಗಸರನ್ನು ಗುಡ್ಡದ ಮೇಲಿನ ಕಾಫಿ ಎಸ್ಟೇಟಿಗೆ ಕರೆದುಕೊಂಡು ಹೋಗಿ, ಸಂಜೆ ವಾಪಸ್ ತಂದು ಬಿಡುವುದು ಅಪ್ಪನ ಕೆಲಸ. ತಾತ ಹಾಸನದ ಕಡೆಯಿಂದ ಇಲ್ಲಿಗೆ ಬಂದಾಗ ಜೊತೆಗೆ ಬಂದದ್ದು ಎರಡು ಎತ್ತು. ಅಪ್ಪನ ಕಾಲಕ್ಕೆ ಎತ್ತು ಹೋಗಿ ಜೀಪು ಬಂತು. ಎತ್ತುಗಳು ಹೇಳಿದ ಮಾತು ಕೇಳುತ್ತಿದ್ದವಂತೆ.

ಕಳೆದ ಮಳೆಗಾಲದಲ್ಲಿ ಎಸ್ಟೇಟಿನ ಮಣ್ಣುದಾರಿ ಹಾಳಾಯಿತು. ಚಕ್ರ ಓಡುವ ಎರಡೂ ಕಡೆ ಕಾಲುವೆಯಂತೆ ಕೊರೆದು, ನಡುವೆ ದಿಣ್ಣೆ ಉಳಿಯಿತು. ಜೀಪಿನ ಹೊಟ್ಟೆ ಆ ದಿಣ್ಣೆಗೆ ಉಜ್ಜುವಾಗ ಬರುವ ಸದ್ದಿಗೆ ನಾಗರಹೊಳೆಯ ಆನೆಗಳು ಕೇರಳಕ್ಕೆ ಓಡಿಹೋದವು ಎಂದು ನಾನು ಕಾಲೇಜಿನಲ್ಲಿ ಹೇಳಿದ್ದೆ. ಆನೆಗಳ ವಿಷಯ ನನಗೆ ಖಚಿತವಾಗಿ ಗೊತ್ತಿಲ್ಲ. ಸದ್ದು ಮಾತ್ರ ನಿಜ. ಕೊಯ್ಲು ಬಿರುಸಾಗುವ ಮೊದಲು ಜೀಪನ್ನು ಸ್ವಲ್ಪ ಎತ್ತಿಸಬೇಕು, ಟೈರನ್ನೂ ಬದಲಾಯಿಸಬೇಕು ಎಂದು ಅಪ್ಪ ತೀರ್ಮಾನ ಮಾಡಿದರು.

ಅಪ್ಪ ಬಾಯಿ ಬಿಡುವುದೇ ಅಪರೂಪ. ಆದರೂ ಅವತ್ತು ಪೂರ್ತಿ ಎರಡು ವಾಕ್ಯ ಹೇಳಿದರು. "ಕಮಾನುಪಟ್ಟಿ ಒಂದೊಂದು ಸೇರ್ಸಿದ್ರೆ ಒಂದೂವರೆ ಇಂಚು ಏಳ್ತದೆ, ಅಷ್ಟು ಸಾಕು. ಟೈರು ಟಾರು ರೋಡಿಗೂ ಆಗ್ಬೇಕು, ಕೆಸರಿಗೂ ಆಗ್ಬೇಕು, ಜಾಸ್ತಿ ಹಲ್ಲು ಬೇಡ."

ಎರಡನೇ ಪಿಯುಸಿಯ ಭೌತಶಾಸ್ತ್ರದಲ್ಲಿ ನನಗೆ ಬಂದ ಅಂಕಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಿ, ಉಳಿದ ಬೆರಳಲ್ಲಿ ಮೂಗು ತುರಿಸಿಕೊಳ್ಳಬಹುದು. ಆದರೆ ಜೀಪು ಎತ್ತುವ ವಿಷಯದಲ್ಲಿ ನಾನು ಫೋನಿನಲ್ಲಿ ನೋಡಿದ ವಿಡಿಯೋಗಳಿಗೆ ಡಾಕ್ಟರೇಟು ಕೊಡುವುದಾದರೆ ಎರಡು ಕೊಡಬೇಕಿತ್ತು. ಜೀಪಿನ ಅಡಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಕಮಾನುಪಟ್ಟಿಗಳಿರುತ್ತವೆ. ಭಾರ ಬಿದ್ದಾಗ ಬಗ್ಗಿ, ಇಳಿದಾಗ ಏಳುವುದು ಅವುಗಳ ಕೆಲಸ. ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದರೆ ಜೀಪು ಸ್ವಲ್ಪ ಏಳುತ್ತದೆ. ಈ ಪಟ್ಟಿಗಳ ಕಟ್ಟಿನ ತುದಿಯನ್ನು ಜೀಪಿನ ಚೌಕಟ್ಟಿಗೆ ತೂಗುಹಾಕುವ ಶ್ಯಾಕಲ್ಲನ್ನು ಉದ್ದ ಮಾಡಿದರೆ ಇನ್ನೂ ಏಳುತ್ತದೆ. ಇಡೀ ಕಟ್ಟನ್ನೇ ದಪ್ಪದ್ದಕ್ಕೆ ಬದಲಾಯಿಸಿದರೆ ಮತ್ತೂ ಏಳುತ್ತದೆ. ಅಪ್ಪ ಕೇಳಿದ್ದು ಮೊದಲನೆಯದನ್ನು ಮಾತ್ರ. ನಾನು ಮದುವೆಯೂಟದಲ್ಲಿ ಮೂರೂ ಪಾಯಸ ಹಾಕಿಸಿಕೊಳ್ಳುವ ಜಾತಿಯವನು.

ಮಳೆಗಾಲದಲ್ಲಿ ಗೋಣಿಕೊಪ್ಪಲಿನ ಕಡೆ ಗದ್ದೆ ಕೆಸರಿನಲ್ಲಿ ಜೀಪು ಓಡಿಸುವ ಪಂದ್ಯ ನಡೆಯುತ್ತದೆ. ಅಲ್ಲಿಗೆ ಬರುವ ಜೀಪುಗಳನ್ನು ಹತ್ತಲು ಏಣಿ ಬೇಕು. ಆ ಸಾಲಿನಲ್ಲಿ ನಮ್ಮದನ್ನು ನಿಲ್ಲಿಸಿದರೆ ಆನೆಗಳ ನಡುವೆ ಆಡು ನಿಂತ ಹಾಗೆ. ಮುಂದಿನ ಸಲ ನಮ್ಮ ಜೀಪೂ ಬರುತ್ತದೆ, ನಾನೇ ಓಡಿಸುತ್ತೇನೆ ಎಂದು ಕಾಲೇಜಿನಲ್ಲಿ ಆಗಲೇ ಹೇಳಿಯಾಗಿತ್ತು. ಲೈಸೆನ್ಸ್ ಬರಲು ಇನ್ನೂ ವರ್ಷವಿದೆ ಎನ್ನುವುದನ್ನು ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಜೀಪನ್ನೂ ನನ್ನನ್ನೂ ಕುಶಾಲನಗರದ ಮೆಕ್ಯಾನಿಕ್ ಶೆಡ್ಡಿನಲ್ಲಿ ಇಳಿಸಿದರು. ಶೆಡ್ಡಿನ ಯಜಮಾನರು ಮಲಯಾಳ ಮಾತಾಡುವ ಹಿರಿಯರು, ಎಲ್ಲರೂ ಅವರನ್ನು ಕಾಕ ಎನ್ನುತ್ತಾರೆ. ಅಪ್ಪನಿಗೆ ಅವತ್ತು ಅತ್ತೆಯ ಮನೆಯಲ್ಲಿ ತಿಥಿ ಊಟ, ಬಸ್ಸಿಗೆ ಹೊತ್ತಾಗಿತ್ತು. "ಎಷ್ಟು, ಏನು ಅಂತ ಇವನಿಗೆ ಹೇಳಿದ್ದೀನಿ ಕಾಕ, ಇವನೇ ಹೇಳ್ತಾನೆ" ಎಂದು ಹೊರಟುಬಿಟ್ಟರು. ಅಪ್ಪ ಜೀವನದಲ್ಲಿ ಮಾಡಿದ ತಪ್ಪುಗಳನ್ನು ಪಟ್ಟಿ ಮಾಡಿದರೆ ನನ್ನನ್ನು ಹೆತ್ತದ್ದು ಎರಡನೆಯದು, ಇದು ಮೊದಲನೆಯದು.

"ಎಷ್ಟು ಎತ್ತೋದು ಮೋನೇ?" ಕಾಕ ಕೇಳಿದರು. ಮೋನೇ ಅಂದರೆ ಅವರ ಭಾಷೆಯಲ್ಲಿ ಮಗನೇ.

"ಅಪ್ಪ ನಾಲ್ಕು ಇಂಚು ಅಂದಿದ್ದಾರೆ."

ಕಾಕ ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡಿದರು. "ನಾಲ್ಕಾ? ನಿನ್ನಪ್ಪ ಮೂಲೆಯಲ್ಲಿ ಹಾರನ್ ಹೊಡೆಯೋಕೂ ಯೋಚನೆ ಮಾಡೋ ಮನುಷ್ಯ."

"ದಾರಿ ಹಾಳಾಗಿದೆ ಕಾಕ. ನೀವು ನೋಡಿಲ್ಲ. ಗುಂಡೀಲಿ ಒಂದು ಲಾರಿ ಬಿದ್ರೆ ಅದರ ಮೇಲೆ ಇನ್ನೊಂದು ಲಾರಿ ಹೋಗ್ತದೆ."

"ಭಾರ ಎಷ್ಟು ಹಾಕ್ತೀರಿ?"

"ಹನ್ನೆರಡು ಜನ. ಆದ್ರೆ ಹನ್ನೆರಡು ಜನ ಕೂತ್ರೂ ಒಂದು ನೂಲು ಬಗ್ಗಬಾರ್ದು."

ಪಿಕಪ್ಪಿನಿಂದ ಬಿಚ್ಚಿದ ದಪ್ಪ ಪಟ್ಟಿಕಟ್ಟೊಂದು ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಪಂದ್ಯಕ್ಕೆ ಹೋಗುವ ಯಾರೋ ಬಿಟ್ಟುಹೋದ ಹಳೆಯ ಕೆಸರು ಟೈರುಗಳೂ ಇದ್ದವು. ಅಪ್ಪ ಹೇಳಿದ ಹೊಸದರ ಖರ್ಚಿನಲ್ಲೇ ಈ ಹಳೆಯದೆಲ್ಲ ಬರುತ್ತಿತ್ತು. ಆ ಟೈರಿನ ಹಲ್ಲು ನೋಡಿದರೆ ಹಲ್ಲಿನ ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಬೇಕು, ಹಾಗಿತ್ತು. ಕಾಕ ಎರಡು ಸಲ ಬೇಡ ಎಂದರು. ಪಿಕಪ್ಪಿನ ಪಟ್ಟಿ ಜೀಪಿಗೆ ಗಡಸು, ಕೂತವರ ಸೊಂಟ ಕೇಳುವುದಿಲ್ಲ ಎಂದರು. ಎರಡು ಸಲವೂ ನಾನು ಅಪ್ಪನ ಹೆಸರು ಹೇಳಿದೆ. ಅಪ್ಪನ ಹೆಸರಿಗೆ ಆ ಶೆಡ್ಡಿನಲ್ಲಿ ಅಷ್ಟು ಬೆಲೆಯಿದೆ ಎಂದು ನನಗೆ ಆವತ್ತೇ ಗೊತ್ತಾದದ್ದು.

ಸಂಜೆ ಅಪ್ಪ ಬಂದು ಜೀಪನ್ನು ಒಂದು ಸುತ್ತು ಹಾಕಿದರು. ನಾಲ್ಕು ಇಂಚಿಗೆ ಟೈರಿನದೊಂದು ಸೇರಿ ಐದು ಇಂಚು ಎದ್ದಿತ್ತು. ಕಾಕ ಚಹಾಕ್ಕೆ ಹೋಗಿದ್ದರು, ಅದು ನನ್ನ ಪುಣ್ಯ. "ಜಾಸ್ತಿ ಆಯ್ತಲ್ಲೋ" ಎಂದರು ಅಪ್ಪ. "ಹೊಸ ಪಟ್ಟಿ ಅಪ್ಪಾ, ಒಂದು ವಾರದಲ್ಲಿ ಕೂರ್ತದೆ" ಎಂದೆ. ಅವರು ಹಿಂದಿನ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ಅದುಮಿ ನೋಡಿದರು. ಜೀಪು ಅಲ್ಲಾಡಲಿಲ್ಲ. ಅವರ ಮುಖ ಯಾಕೆ ಸಪ್ಪಗಾಯಿತೆಂದು ನನಗೆ ತಿಳಿಯಲಿಲ್ಲ.

ಮರುದಿನ ಕಾಲೇಜಿಗೆ ಹೊಟ್ಟೆನೋವು ಎಂದು ಹೇಳಿ ಜೀಪು ಹತ್ತಿದೆ. ಹೆಂಗಸರು ಬಸ್‌ಸ್ಟಾಂಡಿನ ಹತ್ತಿರ ಬುತ್ತಿಚೀಲ, ಗೋಣಿಚೀಲ ಹಿಡಿದು ನಿಂತಿದ್ದರು. "ಏನೋ ಇದು, ಹತ್ತೋಕೆ ತೆಂಗಿನಮರ ಹತ್ತೋನನ್ನ ಕರೀಬೇಕಾ?" ಎಂದಳು ಅವರಲ್ಲಿ ಚಿಕ್ಕವಳು, ಅಕ್ಕ ಎಂದು ನಾನು ಕರೆಯುವವಳು. ಹತ್ತುವಾಗ ಒಳಗಿನವರು ಕೈ ಹಿಡಿದು ಎಳೆದರು, ಹಿಂದಿನವರು ನೂಕಿದರು, ನಗು ಬೇರೆ. ಎಲ್ಲರೂ ಹತ್ತಿದ ಮೇಲೆ ಕೊನೆಗೆ ಹತ್ತಿದವರು ದೊಡ್ಡಮ್ಮ. ಅವರು ಊರಿಗೆಲ್ಲ ದೊಡ್ಡಮ್ಮ. ನನಗೂ ದೊಡ್ಡಮ್ಮ, ಅಪ್ಪನಿಗೂ ದೊಡ್ಡಮ್ಮ. ಅರವತ್ತರ ಹತ್ತಿರ ಹತ್ತಿರ ವಯಸ್ಸು. ಕಾಫಿ ಕುಯ್ಯುವುದರಲ್ಲಿ ಅವರ ಕೈಗೆ ಸಮನಾದ ಕೈ ಜೀಪಿನಲ್ಲಿ ಬೇರೆ ಇರಲಿಲ್ಲ. ಅವರು ಯಾವಾಗಲೂ ಕೊನೆಗೆ ಹತ್ತಿ ಬಾಗಿಲ ಬಳಿ ಕೂರುತ್ತಿದ್ದರು, ಇಳಿಯುವಾಗ ಮೊದಲು. ಅವರನ್ನು ನಾನು ಕಂಡಕ್ಟರ್ ಎಂದು ರೇಗಿಸುತ್ತಿದ್ದೆ.

ದಿಣ್ಣೆಯ ಮೇಲೆ ಜೀಪು ಹಗುರಾಗಿ ದಾಟಿತು. ಹೊಟ್ಟೆ ಎಲ್ಲೂ ಉಜ್ಜಲಿಲ್ಲ. ಆದರೆ ಪ್ರತಿ ಕಲ್ಲಿಗೂ ನಾವು ಹುರಿಗಡಲೆಯಂತೆ ಹಾರಿದೆವು. ಅಕ್ಕ ಹೇಳಿದ್ದು ನೆನಪಿದೆ, "ಇದೇ ದಾರೀಲಿ ಬಸುರಿ ಕೂತಿದ್ರೆ ಎಸ್ಟೇಟು ಮುಟ್ಟೋದ್ರೊಳಗೆ ನಾಮಕರಣ ಆಗ್ತಿತ್ತು."

ಎಸ್ಟೇಟಿನ ಕಣದ ಮುಂದೆ ರೈಟರ್ ನಿಂತಿದ್ದರು. ಇಳಿದವರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಂಡು, ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳುವವರು ಅವರು. ಕೆಟ್ಟ ಮನುಷ್ಯರಲ್ಲ. ಹಿಂದಿನ ವರ್ಷ ಬರೆಯಲ್ಲಿ, ಅಂದರೆ ಗುಡ್ಡದ ಇಳಿಜಾರಿನಲ್ಲಿ, ಒಬ್ಬರು ಜಾರಿ ಕೈ ಮುರಿದುಕೊಂಡ ಮೇಲೆ, ಕಾಲು ಗಟ್ಟಿಯಿಲ್ಲದವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಡಿ ಎಂದು ಎಸ್ಟೇಟಿನ ಸಾಹುಕಾರರು ಅವರಿಗೆ ಹೇಳಿದ್ದರು.

ದೊಡ್ಡಮ್ಮ ಎಂದಿನಂತೆ ಮೊದಲು ಇಳಿಯಲು ಎದ್ದರು. ಫುಟ್‌ಬೋರ್ಡಿನಿಂದ ಎಡಗಾಲನ್ನು ಕೆಳಗೆ ಬಿಟ್ಟರು. ಆ ಕಾಲು ನೆಲವನ್ನು ಹುಡುಕಿತು. ನೆಲ ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ. ಒಂದು ಕ್ಷಣ ಗಾಳಿಯಲ್ಲೇ ನಿಂತ ಆ ಕಾಲು ನನಗೆ ಇವತ್ತಿಗೂ ಕಾಣುತ್ತದೆ. ಆಮೇಲೆ ಮಂಡಿ ಕುಸಿದು, ಎರಡೂ ಅಂಗೈಯೂರಿ ಅವರು ಕಣದ ಅಂಚಿಗೆ ಬಿದ್ದರು. ಬುತ್ತಿಯ ಡಬ್ಬಿ ಉರುಳಿ ರೈಟರ ಚಪ್ಪಲಿಯ ಹತ್ತಿರ ಹೋಗಿ ನಿಂತಿತು.

ಪೆಟ್ಟೇನೂ ಆಗಲಿಲ್ಲ. ಆದರೆ ಎದ್ದು ನಿಲ್ಲಲು ಅವರಿಗೆ ಇಬ್ಬರ ಭುಜ ಬೇಕಾಯಿತು. ರೈಟರ್ ಅದನ್ನು ನೋಡಿದರು. ಡಬ್ಬಿಯನ್ನು ತಾವೇ ಎತ್ತಿಕೊಟ್ಟು ಹೇಳಿದರು, "ಅಮ್ಮಾ, ಇವತ್ತು ಇಲ್ಲೇ ಕಣದಲ್ಲಿ ಕೂತ್ಕೊಳ್ಳಿ. ನಾಳೆಯಿಂದ ಬರೋದು ಬೇಡ. ಈ ಕಾಲಿಟ್ಕೊಂಡು ಬರೆ ಹತ್ತಿಸಿದ್ರೆ ನಾಳೆ ನಾನು ಉತ್ತರ ಹೇಳ್ಬೇಕಾಗ್ತದೆ."

ದೊಡ್ಡಮ್ಮ ಡಬ್ಬಿ ತೆಗೆದುಕೊಂಡರು. ಸಂಜೆಯವರೆಗೆ ಕಣದಲ್ಲಿ ಕೂತು, ಒಣಗಲು ಹಾಕಿದ ಹಣ್ಣಿನಲ್ಲಿ ಕಸ ಆರಿಸಿದರು. 

ಆ ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಎಲ್ಲ ಹೇಳಿದೆ. ಒಂದೂವರೆ ನಾಲ್ಕಾದದ್ದು, ಪಿಕಪ್ಪಿನ ಪಟ್ಟಿ, ಒಂದು ವಾರದಲ್ಲಿ ಕೂರುತ್ತದೆ ಎಂದ ಸುಳ್ಳು. ಹೊಡೆಯುತ್ತಾರೆ ಎಂದುಕೊಂಡು ತಟ್ಟೆಯನ್ನು ಆಚೆ ಸರಿಸಿಟ್ಟಿದ್ದೆ. ಅವರು ಹೊಡೆಯಲಿಲ್ಲ. ಕೈ ತೊಳೆದು ಬಂದು, "ಬೆಳಿಗ್ಗೆ ಅವರ ಮನೆಗೆ ಹೋಗಿ ಹೇಳು. ನಂಗಲ್ಲ ಹೇಳಬೇಕಾದ್ದು" ಎಂದರು.

ದೊಡ್ಡಮ್ಮ ಮಗನ ಮನೆಯಲ್ಲಿದ್ದಾರೆ. ನಾನು ಹೋದಾಗ ಜಗುಲಿಯ ಮೇಲೆ ಕಾಲು ನೀಡಿ ಕೂತಿದ್ದರು, ಒಳಗೆ ಟೀವಿ ಒದರುತ್ತಿತ್ತು. ಜೀವನದಲ್ಲಿ ಮೊದಲ ಸಲ ಒಂದು ವಿಷಯವನ್ನು ಉದ್ದ ಮಾಡದೆ ಹೇಳಿದೆ. ಅಪ್ಪ ಹೇಳಿದ್ದು ಇಷ್ಟು, ನಾನು ಎತ್ತಿಸಿದ್ದು ಇಷ್ಟು, ಬಗ್ಗದ ಪಟ್ಟಿ ಹಾಕಿಸಿದ್ದು, ಪಂದ್ಯದಲ್ಲಿ ಮೆರೆಯಲು.

"ಎತ್ತಿದ್ರೆ ಎತ್ತಿದೆ" ಎಂದರು ದೊಡ್ಡಮ್ಮ. "ಬಗ್ಗಬಾರ್ದು ಅಂತ ಯಾಕ್ಲಾ ಮಾಡಿಸ್ದೆ?"

ನನಗೆ ಅರ್ಥವಾಗಲಿಲ್ಲ.

"ಹನ್ನೊಂದು ಜನ ಕೂತ್ಮೇಲೆ ನಿಮ್ಮ ಜೀಪು ಮೂರು ಇಂಚು ಕೆಳಗೆ ಬರ್ತಿತ್ತು. ಅದಕ್ಕೇ ನಾನು ಕೊನೇಲಿ ಹತ್ತೋಳು. ಇಳಿಯೋವಾಗ ಅವರೆಲ್ಲ ಇನ್ನೂ ಕೂತಿರೋವಾಗ್ಲೇ ಇಳಿಯೋಳು. ಇಲ್ದಿದ್ರೆ ಈ ಮಂಡೀಲಿ ನಾನು ಯಾವತ್ತೋ ಮನೇಲಿ ಕೂತಿರ್ತಿದ್ದೆ."

"ಎಷ್ಟು ದಿನದಿಂದ ದೊಡ್ಡಮ್ಮ?"

"ನಾಕು ಮಳೆಗಾಲ ಆಯ್ತು."

"ಯಾರಿಗೂ ಗೊತ್ತಿರ್ಲಿಲ್ವಾ?"

"ಜೀಪಿಗೆ ಗೊತ್ತಿತ್ತು."

ನಾನು ಅವರನ್ನು ಕಂಡಕ್ಟರ್ ಎಂದು ಕರೆದ ಬೆಳಗುಗಳನ್ನೆಲ್ಲ ಎಣಿಸಲು ಹೋಗಲಿಲ್ಲ. ಎಸ್ಟೇಟಿನ ಕೆಲಸದಲ್ಲಿ ಕಾಲು ನೋಯುವುದಾದರೆ ಮನೆಯಲ್ಲಿ ಇದ್ದುಬಿಡಬಹುದಲ್ಲ ಎಂದು ಕೇಳಿದೆ. ಅವರು ಒಳಗಿನ ಟೀವಿಯ ಕಡೆ ಕೈ ತೋರಿಸಿದರು. "ಎಸ್ಟೇಟಲ್ಲಿ ಹನ್ನೆರಡು ಜನ ಮಾತಾಡ್ತಾರೆ. ಇಲ್ಲಿ ಅದೊಂದೇ ಮಾತಾಡೋದು. ಅದು ನನ್ನ ಏನೂ ಕೇಳಲ್ಲ. ಕುಯ್ಯೋಕೆ ಕೈ ಚೆನ್ನಾಗಿದೆ, ನಡೆಯೋಕೆ ಕಾಲು ಆಗ್ತದೆ. ಎತ್ತರ ಒಂದೇ ಆಗದು."

ಜೇಬಿನಲ್ಲಿ ಅಳತೆ ಟೇಪಿತ್ತು. ಎಷ್ಟು ಎತ್ತರ ಆಗುತ್ತದೆ, ಒಂದು ಸಲ ತೋರಿಸಿ ಎಂದೆ. "ನನ್ನ ಅಳತೆ ತಗೊಂಡು ಏನು ಮಾಡ್ತೀಯಾ, ರವಿಕೆ ಹೊಲಿಸ್ತೀಯಾ?" ಎಂದರು. ಆದರೂ ಎದ್ದರು. ಜಗುಲಿಯ ಮೊದಲ ಮೆಟ್ಟಿಲಿನಿಂದ ಇಳಿದರು, ಅದು ಹನ್ನೆರಡು ಇಂಚು, ಸಲೀಸು. ಜಗುಲಿಯ ಬದಿಯಿಂದ ಇಳಿಯಲು ನೋಡಿದರು, ಅದು ಇಪ್ಪತ್ತು, ಆಗಲಿಲ್ಲ. ಒಗೆಯುವ ಕಲ್ಲಿನ ಮೇಲಿಂದ ಇಳಿದಾಗ ಹಲ್ಲು ಕಚ್ಚಿಕೊಂಡರು, ಕಂಬ ಹಿಡಿಯಲಿಲ್ಲ. ಹದಿನೇಳು. ನಾನು ಅದನ್ನು ಅಂಗೈ ಮೇಲೆ ಬರೆದುಕೊಂಡೆ.

ಶೆಡ್ಡಿಗೆ ಈ ಸಲ ಅಪ್ಪನೂ ಬಂದರು. ಕಾಕನ ಮುಂದೆಯೂ ನಾನೇ ಹೇಳಬೇಕಾಯಿತು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಈಗ ನಿನ್ನ ಆರ್ಡರ್ ಹೇಳು ಮೋನೇ" ಎಂದರಷ್ಟೆ.

"ದಿಣ್ಣೆಗೆ ಹೊಟ್ಟೆ ತಾಗಬಾರ್ದು. ಹನ್ನೊಂದು ಜನ ಕೂತಾಗ ಹಿಂದಿನ ಫುಟ್‌ಬೋರ್ಡು ನೆಲದಿಂದ ಹದಿನೇಳು ಇಂಚು ದಾಟಬಾರ್ದು."

"ಮೂವತ್ತು ವರ್ಷದಲ್ಲಿ ಯಾರೂ ನನ್ಗೆ ಹೀಗೆ ಅಳತೆ ಕೊಟ್ಟಿಲ್ಲ" ಎಂದು ಕಾಕ ಅಪ್ಪನ ಕಡೆ ತಿರುಗಿದರು. "ನೀನು ಒಂದೂವರೆ ಹೇಳಿದ್ದು ಇದಕ್ಕಾ?"

ಅಪ್ಪ ಹೌದೆಂದು ತಲೆಯಾಡಿಸಿದರು. ನಾನು ಅವರನ್ನೇ ನೋಡಿದೆ. "ನಿಮ್ಗೆ ಗೊತ್ತಿತ್ತಾ? ನಂಗ್ಯಾಕೆ ಹೇಳ್ಲಿಲ್ಲ?"

"ದೊಡ್ಡಮ್ಮ ನಂಗೆ ಹೇಳಿರ್ಲಿಲ್ಲ, ನಾನೂ ಅವರಿಗೆ ಹೇಳಿರ್ಲಿಲ್ಲ. ನಿಂಗೆ ಹೇಳಿದ್ರೆ ರೇಡಿಯೋಗೆ ಹೇಳಿದ ಹಾಗೆ."

ಪಿಕಪ್ಪಿನ ಕಟ್ಟು ಬಿಚ್ಚಿದರು. ಉದ್ದದ ಶ್ಯಾಕಲ್ ತೆಗೆದು ಹಳೆಯದನ್ನು ಹಾಕಿದರು. ಜೀಪಿನದೇ ಮೆತ್ತನೆಯ ಪಟ್ಟಿಗಳಿಗೆ ತೆಳ್ಳಗಿನ ಒಂದೊಂದು ಸೇರಿತು. ಕೆಸರು ಟೈರು ಮೂಲೆಗೆ ಹೋಗಿ, ಮಧ್ಯಮ ಹಲ್ಲಿನವು ಬಂದವು. ಈಗ ಅಳೆದು ನೋಡಲು ಹನ್ನೊಂದು ಜನ ಬೇಕಲ್ಲ. ಕಾಕ ರಸ್ತೆಗೆ ಹೋಗಿ ಚಹಾದಂಗಡಿಯವರನ್ನು, ಪಂಕ್ಚರಿನವರನ್ನು, ಬಸ್ಸಿಗೆ ಕಾಯುತ್ತಿದ್ದ ನಾಲ್ವರನ್ನು, ಶುಂಠಿ ಚೀಲ ಇಳಿಸುತ್ತಿದ್ದವರನ್ನು ಕರೆತಂದು ಜೀಪಿನಲ್ಲಿ ತುಂಬಿದರು. ಎಲ್ಲಿಗೆ ಹೋಗುವುದು ಎಂದು ಕೇಳಿದವರಿಗೆ ಎಲ್ಲಿಗೂ ಇಲ್ಲ, ಸುಮ್ಮನೆ ಕೂರಿ ಎಂದರು. ನಾನು ನೆಲಕ್ಕೆ ಕವುಚಿ ಬಿದ್ದು ಟೇಪು ಹಿಡಿದೆ. ಹದಿನಾರು.

"ಇವರೆಲ್ಲ ಗಂಡಸರು, ತೂಕ ಜಾಸ್ತಿ" ಎಂದರು ಅಪ್ಪ. "ಇಬ್ಬರು ಇಳೀಲಿ."

ಚಹಾದಂಗಡಿಯವರನ್ನು ಇಳಿಯಲು ಹೇಳಿದಾಗ ಅವರಿಗೆ ಬೇಜಾರಾಯಿತು. ಅವರೊಬ್ಬರೇ ಇಬ್ಬರ ಲೆಕ್ಕಕ್ಕೆ ಇದ್ದರು. ಮತ್ತೆ ಅಳೆದೆ. ಹದಿನಾರೂವರೆ. ಕಾಕ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೂ ಒಮ್ಮೆ ನೋಡಿದರು. ನನ್ನ ಮಾತಿಗೆ ಅಲ್ಲಿ ಇನ್ನು ಬೆಲೆಯಿರಲಿಲ್ಲ.

ಜೀಪು ಇಳಿಯಿತು. ಆದರೆ ರೈಟರ್ ಕಂಡದ್ದನ್ನು ಇಳಿಸಲು ಯಾವ ಶೆಡ್ಡಿನಲ್ಲೂ ಆಗುವುದಿಲ್ಲ. ಅದು ನನಗೂ ಗೊತ್ತಿತ್ತು, ದೊಡ್ಡಮ್ಮನಿಗೂ ಗೊತ್ತಿತ್ತು. ಮೂರು ದಿನ ಮನೆಯಲ್ಲಿದ್ದ ಅವರು ಶುಕ್ರವಾರ ಬೆಳಿಗ್ಗೆ ಬುತ್ತಿ ಹಿಡಿದು ಬಂದು ನಿಂತರು. "ನೀನೂ ಹತ್ತು, ಇವತ್ತು ಕಾಲೇಜು ಬೇಡ" ಎಂದರು ಅಪ್ಪ.

ಕಣದ ಮುಂದೆ ಜೀಪು ನಿಂತಿತು. ನಾನು ಮುಂದಿನ ಸೀಟಿನಿಂದ ಇಳಿದು ರೈಟರ ಹತ್ತಿರ ಹೋದೆ. ಹನ್ನೆರಡು ಹೆಂಗಸರು ಕೇಳಿಸಿಕೊಳ್ಳುವಂತೆ ಹೇಳಿದೆ, ಅವತ್ತು ದೊಡ್ಡಮ್ಮ ಬಿದ್ದದ್ದು ನನ್ನಿಂದ, ಅಪ್ಪ ಹೇಳಿದ್ದಕ್ಕಿಂತ ಜೀಪನ್ನು ಜಾಸ್ತಿ ಎತ್ತಿಸಿದೆ, ಸುಳ್ಳು ಹೇಳಿ ಎತ್ತಿಸಿದೆ ಎಂದು. ಮಂಡಿಯ ವಿಷಯ ಮಾತ್ರ ಹೇಳಲಿಲ್ಲ. ಅದು ಹೇಳಲು ನನ್ನದಲ್ಲ.

ರೈಟರ್ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು. "ನಿನ್ನ ಬಾಯಿಗೆ ಯಾವ ಟೈರು ಹಾಕ್ಸಿದ್ದೀಯಪ್ಪ, ಎಲ್ಲಾ ಕಡೆ ಓಡ್ತದೆ" ಎಂದರು. ಆಮೇಲೆ ಜೀಪಿನ ಹಿಂಬದಿಗೆ ನಡೆದರು. "ಇಳೀರಿ ಅಮ್ಮಾ, ನೋಡೋಣ."

ಒಳಗೆ ಕೂತ ಹನ್ನೊಂದು ಮಂದಿಯಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ, ನಾನಂತೂ ಹೇಳಿರಲಿಲ್ಲ. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಎಡಗಾಲು ಬಿಟ್ಟರು. ಕಾಲಿಗೆ ನೆಲ ಸಿಕ್ಕಿತು. ಬಲಗಾಲು ಬಂತು. ಜೀಪಿನ ಅಂಚನ್ನು ಹಿಡಿದಿದ್ದ ಅವರ ಬೆರಳುಗಳು ಬೆಳ್ಳಗಾಗಿದ್ದವು, ರೈಟರ್ ಅದನ್ನೂ ನೋಡಿದರು. ಅವರು ತುಸು ಹೊತ್ತು ಬರೆಯಲಿಲ್ಲ.  ನಂತರ ಪುಸ್ತಕ ಬಿಡಿಸಿ ಹೆಸರು ಬರೆದರು.

"ಮೇಲಿನ ಬರೆ ಬೇಡ. ಕೆಳಗಿನ ಬ್ಲಾಕು, ಹೊಳೆ ಪಕ್ಕ, ಮಟ್ಟಸ ಇದೆ. ಒಬ್ಬರೇ ಹೋಗಬಾರ್ದು." ನನ್ನ ಕಡೆ ತಿರುಗಿ, "ಇವನನ್ನ ಕರ್ಕೊಂಡು ಹೋಗಿ. ಬಾಯಿ ಇಷ್ಟು ಓಡೋನಿಗೆ ಕೈಯೂ ಓಡ್ಬೇಕು" ಎಂದರು.

ಹೊಳೆ ಪಕ್ಕದ ಬ್ಲಾಕಿನಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಗಿಡಗಳ ಕೆಳಗೆ ಚೀಲ ಹಾಸಿದೆವು. ದೊಡ್ಡಮ್ಮನ ಕೈ ಕೊಂಬೆಯ ಮೇಲೆ ಒಮ್ಮೆ ಹರಿದರೆ ಹಣ್ಣೆಲ್ಲ ಚೀಲದಲ್ಲಿ, ಎಲೆಯೆಲ್ಲ ಗಿಡದಲ್ಲಿ. ನನ್ನ ಕೈ ಹರಿದರೆ ಇದಕ್ಕೆ ಉಲ್ಟಾ. ನಾನು ಎರಡು ಗಿಡ ಮುಗಿಸುವುದರೊಳಗೆ ಅವರು ಏಳು ಮುಗಿಸಿದ್ದರು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ, ಎಣಿಸಿದ್ದೇನೆ.

ಎಂಟನೆಯ ಗಿಡದ ಹತ್ತಿರ ಅವರು ನಿಂತರು. ಮೇಲಿನ ಕೊಂಬೆಗಳೆಲ್ಲ ಖಾಲಿಯಾಗಿದ್ದವು. ಕೆಳಗೆ ನೆಲಕ್ಕೆ ತಾಗುವ ಹಾಗೆ ಎರಡು ಕೊಂಬೆ ಹಣ್ಣು ಹೊತ್ತು ಬಾಗಿದ್ದವು. 

"ಮಗಾ" ಎಂದರು. "ಕೆಳಗಿನ ಕೊಂಬೆ ನೀನು ಕುಯ್ಯಿ. ನಂಗೆ ಮಂಡಿ ಬಗ್ಗಲ್ಲ."

ನಾನು ಕುಕ್ಕರಗಾಲಲ್ಲಿ ಕೂತು ಕುಯ್ಯತೊಡಗಿದೆ. ಅವರು ಮುಂದಿನ ಗಿಡಕ್ಕೆ ಹೋದರು.